ಮೊಸರನ್ನದ ಪಂಕ್ತಿಗೆ ಐದು ಮಕ್ಕಳನ್ನು ನಿಯೋಜಿಸುವ ಕುರಿತು

ಜಿಲ್ಲಾ ಕಚೇರಿ, ಬೀದರ
ಸಂಖ್ಯೆ: ಗುಳ್ಳೆ/ಸಾಮಾನ್ಯ/ಬೀದರ-ಔರಾದ-ಭಾಲ್ಕಿ/17 (ಮೂರನೆಯ ತಿದ್ದುಪಡಿ)
ದಿನಾಂಕ: ಮಾರ್ಚ್ 22

ಸುತ್ತೋಲೆ

ವಿಷಯ: ಮಕ್ಕಳ ಮೈಮೇಲೆ ಏಳುವ ನೀರುಗುಳ್ಳೆಗಳನ್ನು (ದವಾಖಾನೆಯಲ್ಲಿ ಚಿಕನ್ ಪಾಕ್ಸ್, ಮನೆಯಲ್ಲಿ ‘ಅಮ್ಮ’) ಗುರುತಿಸುವುದು, ಎಣಿಸದೆ ಇರುವುದು, ಹಾಗೂ ಅಮ್ಮನನ್ನು ಕಳಿಸಿಕೊಡುವ ಮೊಸರನ್ನದ ಪಂಕ್ತಿಗೆ ಮಕ್ಕಳನ್ನು ನಿಯೋಜಿಸುವ ಬಗ್ಗೆ.

ಉಲ್ಲೇಖ:
1. ಇದೇ ಕಚೇರಿಯ ಸುತ್ತೋಲೆ, ಜನವರಿ 20 (ಗುಳ್ಳೆಗಳನ್ನು ಎಣಿಸುವ ಬಗ್ಗೆ).
2. ಸದರಿ ಸುತ್ತೋಲೆಯನ್ನು ಪಾಲಿಸದ ಅತಿಥಿ ಶಿಕ್ಷಕಿ ಶ್ರೀಮತಿ ಸುಮಿತ್ರಾಬಾಯಿ ಅವರಿಗೆ ನೀಡಿದ ಕಾರಣ ಕೇಳುವ ನೋಟಿಸು, ಫೆಬ್ರುವರಿ 5.
3. ಭಾಲ್ಕಿಯ ಅಧೀಕ್ಷಕ ಶ್ರೀ ಬಸವಣ್ಣೆಪ್ಪ ಅವರ ವಿಚಾರಣಾ ವರದಿ (ಲಕೋಟೆಯಲ್ಲಿ, ಬೇವಿನ ಸೊಪ್ಪಿನ ಸಮೇತ ಸ್ವೀಕೃತ).
4. ಕೆಳಗೆ ಸಹಿ ಮಾಡಿರುವವರ ತಾಯಿಯವರ ಮೌಖಿಕ ನಿರ್ದೇಶನ, ಮಾರ್ಚ್ 17.

ಪ್ರಸ್ತಾವನೆ:

ಔರಾದ ತಾಲ್ಲೂಕಿನ ಚಿಂತಾಕಿಯಿಂದ ಹೊಲದ ದಾರಿ ಹಿಡಿದು ಎರಡು ಕಿಲೋಮೀಟರ್ ನಡೆದರೆ ಬೋರಿಗಿಡ ವಸ್ತಿ ಎಂಬ ನಲವತ್ತು ಮನೆಗಳ ಜಾಗ ಇರುತ್ತದೆ. ಅಲ್ಲಿಗೆ ಒಂದು ಶಾಲೆ, ಶಾಲೆಗೆ ಒಂದು ಕೋಣೆ, ಕೋಣೆಗೆ ಮೂವತ್ತೊಂದು ಮಕ್ಕಳು, ಅಷ್ಟೂ ಮಕ್ಕಳಿಗೆ ಒಬ್ಬರೇ ಶಿಕ್ಷಕಿ. ಅವರೇ ಉಲ್ಲೇಖ (2)ರ ಸುಮಿತ್ರಾಬಾಯಿ. ಔರಾದದಿಂದ ದಿನಾ ಬಸ್ಸಿನಲ್ಲಿ ಬಂದು, ಇಳಿದು, ನಡೆದು, ಕಲಿಸಿ, ನಡೆದು, ಹತ್ತಿ ಹೋಗುತ್ತಾರೆ. ಒಂಬತ್ತು ವರ್ಷಗಳಿಂದ ಇವರು ಅತಿಥಿ ಶಿಕ್ಷಕಿಯಾಗಿರುತ್ತಾರೆ. ಒಂಬತ್ತು ವರ್ಷ ಉಳಿದವರನ್ನು ಅತಿಥಿ ಎನ್ನಬಹುದೇ ಎಂಬ ಪ್ರಶ್ನೆ ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಪ್ರತಿ ವರ್ಷ ಮಾರ್ಚ್ ಮೂವತ್ತೊಂದರೊಳಗೆ ಈ ಕಚೇರಿಯು ‘ಸೇವೆ ತೃಪ್ತಿಕರ’ ಎಂದು ಬರೆದುಕೊಟ್ಟರೆ ಅವರು ಮುಂದಿನ ವರ್ಷವೂ ಶಾಲೆಗೆ ಬರತಕ್ಕದ್ದು. ಬರೆದುಕೊಡದಿದ್ದರೆ ಬರತಕ್ಕದ್ದಲ್ಲ. ಅವರು ಬರದಿದ್ದರೆ ಆ ಹೊಲದ ದಾರಿಯಲ್ಲಿ ಬೇರೆ ಯಾವ ಶಿಕ್ಷಕರೂ ಬರುವುದಿಲ್ಲವೆಂಬುದು ಹಿಂದಿನ ಅನುಭವದಿಂದ ತಿಳಿದುಬಂದಿದ್ದು, ಅದರ ಅರ್ಥ ಶಾಲೆ ಇರುವುದಿಲ್ಲ ಎಂದೇ ಆಗಿರುತ್ತದೆ.

ಜನವರಿಯಲ್ಲಿ ವಸ್ತಿಯ ಮಕ್ಕಳ ಮೈಮೇಲೆ ಗುಳ್ಳೆ ಏಳತೊಡಗಿದವು. ಸುದ್ದಿ ಮುಟ್ಟಿದ ಕೂಡಲೇ ಈ ಕಚೇರಿ ಸುಮ್ಮನೆ ಕೂಡಲಿಲ್ಲ. ಉಲ್ಲೇಖ (1)ರ ಸುತ್ತೋಲೆ ಹೊರಡಿಸಿತು. ಅದರಂತೆ ಪ್ರತಿ ಮಗುವಿನ ಗುಳ್ಳೆಗಳನ್ನು ಶಿಕ್ಷಕರು ಎಣಿಸಿ ಸಂಜೆ ನಾಲ್ಕರೊಳಗೆ ಕಳಿಸತಕ್ಕದ್ದಾಗಿತ್ತು. ಹತ್ತಕ್ಕಿಂತ ಕಡಿಮೆ ಗುಳ್ಳೆ ಇದ್ದರೆ ಕಾಯಿಲೆ ಎಂದು ಪರಿಗಣಿಸತಕ್ಕದ್ದಲ್ಲವಾಗಿತ್ತು. ಎಣಿಸಲು ಅನುಕೂಲವಾಗಲೆಂದು ಗುಳ್ಳೆ ಇರುವ ಮಕ್ಕಳೆಲ್ಲ ತಪ್ಪದೆ ಶಾಲೆಗೆ ಹಾಜರಾಗತಕ್ಕದ್ದಾಗಿತ್ತು. ಈ ಕೊನೆಯ ಅಂಶವು ಕಾಯಿಲೆಗೆ ಎಷ್ಟು ಅನುಕೂಲ ಮಾಡಿಕೊಡುತ್ತದೆ ಎಂಬುದು ಬರೆದವರಿಗೆ ಹೊಳೆದಿರಲಿಲ್ಲ. ಬರೆದವರು ಕೆಳಗೆ ಸಹಿ ಮಾಡಿರುವವರೇ ಆಗಿದ್ದು, ಅವರನ್ನು ಮುಂದೆ ‘ಸಹಿದಾರರು’ ಎಂದು ಕರೆಯಲಾಗುವುದು.

ಸುಮಿತ್ರಾಬಾಯಿ ಒಂದು ಗುಳ್ಳೆಯನ್ನೂ ಎಣಿಸಲಿಲ್ಲ. ಗುಳ್ಳೆ ಕಂಡ ಮಗುವನ್ನು ಅಂದೇ ಮನೆಗೆ ಕಳಿಸಿದರು. ಸಾಲದ್ದಕ್ಕೆ, ಶಾಲೆಯ ವೇಳೆಯಲ್ಲಿ ಐದು ಮಕ್ಕಳನ್ನು ಮನೆಯಿಂದ ಮನೆಗೆ ಉಣ್ಣಲು ಕಳಿಸುತ್ತಿದ್ದಾರೆಂದು ಹೆಸರಿಲ್ಲದ ಅರ್ಜಿಯೊಂದು ಬಂತು. ಸಹಿದಾರರು ಅರ್ಜಿಯನ್ನು ಎರಡು ಸಲ ಓದಿ, ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ನೋಟಿಸು ಬರೆಸಿದರು. ‘ತೃಪ್ತಿಕರ’ ಎಂದು ಬರೆಯಬೇಕಾದ ಕಾಗದವನ್ನು ಮೇಜಿನ ಎಡಬದಿಗೆ ಸರಿಸಿ, ಅದರ ಮೇಲೆ ಗಾಜಿನ ಗುಂಡು ಇಟ್ಟರು.

ಆನಂತರ ಅಮ್ಮ ಸಹಿದಾರರ ಮನೆಗೂ ಬಂದು ಹೋಗಿರುವುದರಿಂದ ಈ ಕೆಳಕಂಡಂತೆ ಗೊತ್ತುಪಡಿಸುವುದು ಅವಶ್ಯವೆನಿಸಿದೆ.

1. ಗುರುತಿಸುವುದು.

ಮೊದಲ ಒಂದೆರಡು ದಿನ ಮಗು ಜ್ವರದಿಂದ ಮಂಕಾಗಿರುತ್ತದೆ, ಊಟ ಬೇಡವೆನ್ನುತ್ತದೆ. ಆಮೇಲೆ ಎದೆ, ಬೆನ್ನು, ಮುಖದ ಮೇಲೆ ಕೆಂಪು ಚುಕ್ಕೆ ಕಾಣುತ್ತವೆ. ಚುಕ್ಕೆ ಉಬ್ಬಿ ನೀರುಗುಳ್ಳೆಯಾಗುತ್ತದೆ. ಗುಳ್ಳೆ ಒಣಗಿ ಹಕ್ಕಳೆ ಕಟ್ಟುತ್ತದೆ. ಹಳೆಯವು ಒಣಗುತ್ತಿರುವಾಗಲೇ ಹೊಸವು ಏಳುತ್ತಿರುತ್ತವೆ. ಚುಕ್ಕೆ, ಗುಳ್ಳೆ, ಹಕ್ಕಳೆ ಮೂರೂ ಒಂದೇ ಮೈಮೇಲೆ ಒಟ್ಟಿಗೆ ಕಂಡರೆ ಅದೇ ಗುರುತು. ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದ ಕೊನೆಯ ಗುಳ್ಳೆ ಒಣಗುವವರೆಗೆ ಇದು ಇನ್ನೊಬ್ಬರಿಗೆ ತಗಲುತ್ತದೆ. ತಗಲಿದ ಮೇಲೆ ಕಾಣಿಸಿಕೊಳ್ಳಲು ಎರಡರಿಂದ ಮೂರು ವಾರ ಬೇಕು. ಈ ಕಚೇರಿಯ ಟಪಾಲಿಗೆ ಹೋಲಿಸಿದರೆ ಇದು ಶೀಘ್ರವೇ ಆಗಿರುತ್ತದೆ.

ಸೊಳ್ಳೆ ಕಚ್ಚಿದ ಗುರುತನ್ನು ಗುಳ್ಳೆಯೆಂದು ತೋರಿಸುವುದನ್ನು, ಕೆಂಪು ಪೆನ್ನಿನಿಂದ ಕುತ್ತಿಗೆಗೆ ಚುಕ್ಕೆ ಇಟ್ಟುಕೊಂಡು ರಜೆ ಕೇಳುವುದನ್ನು ನಿಷೇಧಿಸಲಾಗಿದೆ. ಈ ನಿಷೇಧವು ಮಕ್ಕಳಿಗೆ ಅನ್ವಯಿಸುವುದಿಲ್ಲ. ಈ ಕಚೇರಿಯ ಸಿಬ್ಬಂದಿಗೆ ಅನ್ವಯಿಸುತ್ತದೆ.

2. ಎಣಿಸದೆ ಇರುವುದು.

ಗುಳ್ಳೆ ಎಣಿಸುವ ಆದೇಶವನ್ನು ಹಿಂಪಡೆಯಲಾಗಿದೆ. ಮೂರು ತಾಲ್ಲೂಕುಗಳಿಂದ ಈವರೆಗೆ ಸ್ವೀಕೃತವಾಗಿರುವ ಹನ್ನೊಂದು ಸಾವಿರದ ನಾಲ್ಕುನೂರಾ ಆರು ಗುಳ್ಳೆಗಳನ್ನು ಏನು ಮಾಡಬೇಕೆಂಬ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು. ಒಂದು ಮಗುವಿಗೆ ‘ನೂರಾ ಮೂವತ್ತೆರಡೂವರೆ’ ಎಂದು ತೋರಿಸಿದ ಬಗ್ಗೆ ಭಾಲ್ಕಿಯಿಂದ ಸಮಜಾಯಿಷಿ ಬಂದಿದ್ದು, ಇಬ್ಬರು ಎಣಿಸಿದಾಗ ಒಂದರ ವ್ಯತ್ಯಾಸ ಬಂದುದರಿಂದ ಸರಾಸರಿ ತೆಗೆಯಲಾಯಿತೆಂದು, ಮೂರನೆಯ ಎಣಿಕೆಗೆ ಮಗು ಸಿಗಲಿಲ್ಲವೆಂದು ತಿಳಿಸಿರುತ್ತಾರೆ. ಒಪ್ಪಲಾಗಿದೆ.

3. ಮನೆಯಲ್ಲಿ.

ಕೊನೆಯ ಗುಳ್ಳೆ ಒಣಗುವ ತನಕ ಮಗು ಮನೆಯಲ್ಲೇ ಇರತಕ್ಕದ್ದು. ಸಾಮಾನ್ಯವಾಗಿ ಒಂದು ವಾರ. ಉಗುರು ಕತ್ತರಿಸತಕ್ಕದ್ದು. ಸಡಿಲ ಹತ್ತಿಯ ಬಟ್ಟೆ ಹಾಕತಕ್ಕದ್ದು. ನೀರು, ಮಜ್ಜಿಗೆ, ಗಂಜಿ ಮೇಲಿಂದ ಮೇಲೆ ಕೊಡತಕ್ಕದ್ದು. ಉಗುರುಬೆಚ್ಚಗಿನ ನೀರಿನಿಂದ ಮೈ ತೊಳೆಯಬಹುದು. ಜ್ವರಕ್ಕೆ ಡಾಕ್ಟರು ಹೇಳಿದ ಗುಳಿಗೆಯನ್ನೇ ಕೊಡತಕ್ಕದ್ದು, ಆಸ್ಪಿರಿನ್ ಕೊಡತಕ್ಕದ್ದಲ್ಲ. ಉಸಿರಾಟ ಕಷ್ಟವಾದರೆ, ಎಬ್ಬಿಸಿದರೂ ಮಗು ತೂಕಡಿಸಿದರೆ, ಗುಳ್ಳೆಯ ಸುತ್ತ ಕೆಂಪಗೆ ಬಾತು ಕೀವಾದರೆ, ಯಾರನ್ನೂ ಕೇಳದೆ ದವಾಖಾನೆಗೆ ಹೋಗತಕ್ಕದ್ದು. ಈ ಕಚೇರಿಯನ್ನಂತೂ ಕೇಳಲೇಬಾರದು. ಬಸುರಿಯರು, ಹಸುಗೂಸುಗಳು, ಮೊದಲು ಈ ಕಾಯಿಲೆ ಬಾರದ ದೊಡ್ಡವರು ದೂರ ಇರತಕ್ಕದ್ದು. ದೊಡ್ಡವರಿಗೆ ಬಂದರೆ ಜೋರಾಗಿಯೇ ಬರುತ್ತದೆ. ಇದಕ್ಕೆ ಲಸಿಕೆಯೂ ಇರುತ್ತದೆ, ಡಾಕ್ಟರನ್ನು ವಿಚಾರಿಸುವುದು.

ಹಾಸಿಗೆಯ ಬದಿ ಬೇವಿನ ಸೊಪ್ಪು ಇಡುವುದಕ್ಕೆ ಆಕ್ಷೇಪಣೆ ಇರುವುದಿಲ್ಲ. ಆದರೆ ಬೇವು ಡಾಕ್ಟರ ಜೊತೆಗೆ, ಡಾಕ್ಟರ ಬದಲಿಗೆ ಅಲ್ಲ. ‘ತುರಿಸಿಕೋಬ್ಯಾಡ’ ಎಂದು ಹೇಳುತ್ತಿರಲು ಒಬ್ಬರನ್ನು ನೇಮಿಸತಕ್ಕದ್ದು. ಅಜ್ಜಿ ಇರುವ ಮನೆಗಳಲ್ಲಿ ಈ ಹುದ್ದೆ ಭರ್ತಿಯಾಗಿದೆಯೆಂದು ಭಾವಿಸತಕ್ಕದ್ದು.

ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕಬಾರದೆಂಬ ರೂಢಿ ಇದ್ದು, ಅದನ್ನು ನಡೆಸಿಕೊಳ್ಳಬಹುದು. ಪಕ್ಕದ ಮನೆಯ ಒಗ್ಗರಣೆಯನ್ನು ಕಿಟಕಿಯಲ್ಲಿ ನಿಂತು ತಡೆಯುವ ಅಧಿಕಾರ ಯಾರಿಗೂ ಇರುವುದಿಲ್ಲ. ಸಹಿದಾರರ ತಾಯಿಯವರಿಗೂ ಇರುವುದಿಲ್ಲ.

4. ಪಂಕ್ತಿ ಎಂದರೇನು.

ಬೋರಿಗಿಡ ವಸ್ತಿಯಲ್ಲಿಯೂ ಸುತ್ತಲಿನ ಕೆಲವು ಮನೆತನಗಳಲ್ಲಿಯೂ ಅಮ್ಮನನ್ನು ಹಾಗೇ ಕಳಿಸುವುದಿಲ್ಲ. ಮಗುವಿಗೆ ಬೇವಿನ ನೀರು ಹೊಯ್ದ ದಿನ, ಊರ ಐದು ಮಕ್ಕಳನ್ನು ಸಾಲಾಗಿ ಕೂಡಿಸಿ ಮೊಸರನ್ನ ಉಣಿಸುತ್ತಾರೆ. ಐವರೂ ಉಂಡು ತೃಪ್ತಿಯಾಗಿ ಎದ್ದರೆ ಅಮ್ಮ ಹೊರಟಳೆಂದು ಲೆಕ್ಕ. ಒಬ್ಬರು ಎಲೆಯಲ್ಲಿ ಬಿಟ್ಟೆದ್ದರೂ ಅಮ್ಮ ಬಾಗಿಲಲ್ಲೇ ನಿಲ್ಲುತ್ತಾಳೆ. ಇದಕ್ಕೆ ಜಾತಿಯ ತಂಟೆ ಇರುವುದಿಲ್ಲ, ಮಗುವಾದರೆ ಸಾಕು.

ತೊಡಕು ಎಲ್ಲಿತ್ತೆಂದರೆ, ಬೇವಿನ ನೀರು ಹೊಯ್ಯುವುದು ಕೆಲವರ ಮನೆಯಲ್ಲಿ ಐದನೆಯ ದಿನ, ಕೆಲವರಲ್ಲಿ ಮೂರನೆಯ ದಿನ. ಗುಳ್ಳೆ ಇನ್ನೂ ಹಸಿಯಾಗಿರುವಾಗಲೇ ಐದು ಮಕ್ಕಳು ಆ ಮನೆಯಲ್ಲಿ ಒಂದು ತಾಸು ಕುಳಿತು ಉಣ್ಣುತ್ತಿದ್ದರು. ಎರಡು ವಾರಕ್ಕೆ ಆ ಐವರೂ ಮಲಗುತ್ತಿದ್ದರು. ಆ ಐದು ಮನೆಗಳಲ್ಲಿ ಮತ್ತೆ ಐದೈದು ಮಕ್ಕಳು ಕೂಡುತ್ತಿದ್ದರು. ಕಳಿಸಿಕೊಡುವ ಊಟದಲ್ಲಿಯೇ ಅಮ್ಮನಿಗೆ ಮುಂದಿನ ಐದು ಮನೆಗಳ ವಿಳಾಸ ಸಿಗುತ್ತಿತ್ತು. ಇದನ್ನು ಯಾವ ಅಧಿಕಾರಿಯೂ ಕಂಡುಹಿಡಿಯಲಿಲ್ಲ. ಹಾಜರಿ ಪುಸ್ತಕ ಮುಂದಿಟ್ಟುಕೊಂಡು, ಯಾರು ಯಾರ ಮನೆಯಲ್ಲಿ ಉಂಡರು, ಆಮೇಲೆ ಯಾರು ಬರಲಿಲ್ಲ ಎಂದು ಬೆರಳಿಟ್ಟು ನೋಡಿದವರು ಸುಮಿತ್ರಾಬಾಯಿ.

5. ಬಂದು ಹೋದವರ ಪಟ್ಟಿ.

ಸದರಿ ಶಿಕ್ಷಕಿ ರೂಢಿಯನ್ನು ಬಿಡಿ ಎಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇದು ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಆದ್ದರಿಂದ ಈಗಾಗಲೇ ಬಂದು, ಒಣಗಿ, ಉದುರಿ, ಚೊಕ್ಕಟವಾದ ಮಕ್ಕಳ ಪಟ್ಟಿಯೊಂದನ್ನು ಮಾಡಿ, ಪಂಕ್ತಿಗೆ ಇವರನ್ನೇ ಕರೆಯಿರಿ ಎಂದರು. ಬೇವಿನ ನೀರನ್ನು ಕೊನೆಯ ಗುಳ್ಳೆ ಒಣಗಿದ ಮೇಲೆ ಹೊಯ್ಯಿರಿ ಎಂದರು. ಮೊದಲಿಗೆ ಆ ಪಟ್ಟಿಯಲ್ಲಿ ಸರಿಯಾಗಿ ಐದೇ ಹೆಸರು ಇದ್ದವು. ಮೊದಲನೆಯದು ಇರಮ, ಮೂರನೆಯ ತರಗತಿ; ಚಿಂತಾಕಿಯಲ್ಲಿ ಸ್ಟವ್ ರಿಪೇರಿ ಮಾಡುವ, ವಸ್ತಿಯಲ್ಲಿ ಇರುವ ಗೌಸೋದ್ದೀನರ ಮಗಳು. ಈ ಐವರು ಮೂರು ವಾರದಲ್ಲಿ ಹನ್ನೊಂದು ಮನೆ ಉಂಡರು. ಫೆಬ್ರುವರಿ ಮುಗಿಯುವಷ್ಟರಲ್ಲಿ ವಸ್ತಿಯಲ್ಲಿ ಹೊಸ ಗುಳ್ಳೆ ನಿಂತಿತು. ಇರಮಳ ತೂಕ ಎರಡೂವರೆ ಕಿಲೋ ಹೆಚ್ಚಿತು.

ಇದೇ ಉಲ್ಲೇಖ (2)ರ ನೋಟಿಸಿನಲ್ಲಿ ಹೇಳಿರುವ ಅಪರಾಧ.

6. ವಿಚಾರಣೆ.

ಔರಾದದವರು ಶಿಕ್ಷಕಿಗೆ ಪರಿಚಿತರೆಂಬ ಕಾರಣಕ್ಕೆ ವಿಚಾರಣೆಗೆ ಭಾಲ್ಕಿಯಿಂದ ಬಸವಣ್ಣೆಪ್ಪ ಅವರನ್ನು ಕಳಿಸಲಾಯಿತು. ಬೆರಳಚ್ಚುಗಾರರಿಗೆ ‘ಎಲ್ಲಾ ಬರಕೋ’ ಎಂದು ಅವರು ಹೇಳಿದ್ದರಿಂದ ಎಲ್ಲವನ್ನೂ ಬರೆದುಕೊಳ್ಳಲಾಗಿದೆ. ಹಾವಗೆಪ್ಪ ಎಂಬ ರೈತರ ಪಡಸಾಲೆಯಲ್ಲಿ, ಅವರ ಮೊಮ್ಮಗ ಗುಳ್ಳೆ ಎದ್ದು ಮಲಗಿದ್ದ ಹಾಸಿಗೆಯ ಬದಿಯಲ್ಲಿ ನಡೆದ ಸದರಿ ವಿಚಾರಣೆಯ ಸಂಬಂಧಪಟ್ಟ ಭಾಗ ಹೀಗಿದೆ:

ಬಸವಣ್ಣೆಪ್ಪ: ಗುಳ್ಳಿ ಯಾಕ ಎಣಿಸಿಲ್ಲ ನೀವು?
ಸುಮಿತ್ರಾಬಾಯಿ: ಎಣಿಸಿದ್ರ ಕಡಿಮಿ ಆಗ್ತಾವೇನ್ರಿ ಸರ್?
ಬಸವಣ್ಣೆಪ್ಪ: ಆದೇಶ ಅದ.
ಸುಮಿತ್ರಾಬಾಯಿ: ನನಗ ಮುಟ್ಟ್ಯಾದ್ರಿ. ಗುಳ್ಳಿಗಿ ಮುಟ್ಟಿಲ್ಲ ಕಾಣ್ತದ.
ಹಾವಗೆಪ್ಪ: ಸಾಹೇಬ್ರ, ಇಕಾ, ನನ್ನ ಮೊಮ್ಮಗ ಇಲ್ಲೇ ಮಲಗ್ಯಾನ. ಎಣಿಸೂದಿದ್ರ ನೀವೇ ಎಣಿಸ್ರಿ. ನಾ ಹಿಡ್ಕೊಂಡಿರ್ತೇನಿ.
ಬಸವಣ್ಣೆಪ್ಪ: ಎಣಿಸ್ತೇನಿ. ಯಾಕ ಎಣಿಸಬಾರ್ದು? ಅಂಗಿ ಎತ್ತಪಾ ತಮ್ಮಾ.
ಸುಮಿತ್ರಾಬಾಯಿ: ಸರ್, ಸಣ್ಣವರಿದ್ದಾಗ ನಿಮಗ ಬಂದು ಹೋಗ್ಯಾದೇನ್ರಿ?
ಬಸವಣ್ಣೆಪ್ಪ: ನೆನಪಿಲ್ಲ. ಇಲ್ಲಿ ವಿಚಾರಣಿ ನಾ ಮಾಡ್ಲತ್ತೀನೋ, ನೀವ್ ಮಾಡ್ಲತ್ತೀರೋ?
ಬಾಗಿಲಲ್ಲಿ ನಿಂತ ಶಾಕಿರಾ ಬೇಗಂ, ಇರಮಳ ಅಜ್ಜಿ: ಅರೆ ಸಾಹೇಬ, ಜರಾ ದೂರ ಕೂಡ್ರಿ. ಮೊದಲ ಬಂದಿಲ್ಲಂದ್ರ ಈಗ ಬರ್ತದ.
ಬಸವಣ್ಣೆಪ್ಪ: ನಡುವ ಮಾತಾಡಬ್ಯಾಡ್ರಿ. ನೂರಾ ಏಳು, ನೂರಾ ಎಂಟು...
ಶಾಕಿರಾ ಬೇಗಂ: ಎಣಿಸ್ರಿ, ಎಣಿಸ್ರಿ. ನಿಮ್ಮವು ಎಣಿಸ್ಲಿಕ್ಕಿ ಯಾರ್ ಬರ್ತಾರ, ಆ ಫಿಕರ್ ನನಗ.

ಎಣಿಕೆ ಇನ್ನೂರಾ ಹದಿನಾಲ್ಕಕ್ಕೆ ಮುಗಿಯಿತು. ಅಂದಿನಿಂದ ಹದಿನಾಲ್ಕನೆಯ ದಿನ ಬಸವಣ್ಣೆಪ್ಪ ಅವರಿಗೆ ಜ್ವರ ಬಂತು. ಅವರ ವರದಿಯು ಮೂರೇ ಸಾಲಿನದಾಗಿದ್ದು, ‘ಶಿಕ್ಷಕಿಯ ಕ್ರಮ ಸರಿ ಇದೆ. ನನ್ನ ಗುಳ್ಳೆಗಳನ್ನು ಎಣಿಸಲು ಯಾರನ್ನೂ ಕಳಿಸಬಾರದಾಗಿ ವಿನಂತಿ. ಬೆನ್ನಿಗೆ ಕೈ ಮುಟ್ಟುವುದಿಲ್ಲ’ ಎಂದು ಇರುತ್ತದೆ.

7. ಸಹಿದಾರರ ಮನೆಗೆ ಬಂದ ಬಗೆ.

ಜ್ವರ ಕಾಣಿಸುವ ಹಿಂದಿನ ದಿನ ಬಸವಣ್ಣೆಪ್ಪ ಅವರು ಕಡತದ ಸಮೇತ ಬೀದರಕ್ಕೆ ಬಂದು, ನೌಬಾದದಲ್ಲಿರುವ ಸಹಿದಾರರ ಮನೆಯಲ್ಲಿ ಚಹಾ ಕುಡಿದು, ಸಹಿದಾರರ ಒಂಬತ್ತು ವರ್ಷದ ಮಗಳು ವಿಜಯಶ್ರೀಗೆ ಭಾಗಾಕಾರ ಹೇಳಿಕೊಟ್ಟು ಹೋಗಿದ್ದರು. ಎರಡು ವಾರಕ್ಕೆ ವಿಜಯಶ್ರೀಯ ಎದೆಯ ಮೇಲೆ ಮೊದಲ ಚುಕ್ಕೆ ಕಂಡಿತು. ಭಾಗಾಕಾರ ಬಂದಿರಲಿಲ್ಲ.

ಆ ವಾರ ಸಹಿದಾರರು ಕಚೇರಿಗೆ ರಜೆ ಹಾಕಿದರು. ಮಗಳ ಬೆನ್ನಿಗೆ ಕ್ಯಾಲಮೈನ್ ಹಚ್ಚಿದರು. ಹಚ್ಚುವಾಗ ಕೈ ತಾನಾಗಿಯೇ ಗುಳ್ಳೆಗಳನ್ನು ಎಣಿಸತೊಡಗಿದ್ದು ಅವರ ಗಮನಕ್ಕೆ ಬಂದು, ಹನ್ನೆರಡಕ್ಕೆ ನಿಲ್ಲಿಸಿದರು. ಮಗಳು ಮೈ ಪರಚಿಕೊಂಡು ಅಳುವಾಗ ಹನ್ನೆರಡಾದರೇನು, ಇನ್ನೂರಾದರೇನು ಎಂದು ಅವರಿಗೆ ಅನಿಸಿತೆಂಬುದನ್ನು ದಾಖಲಿಸುವ ಅವಶ್ಯಕತೆ ಇಲ್ಲದಿದ್ದರೂ ದಾಖಲಿಸಲಾಗಿದೆ.

ಮಾರ್ಚ್ 17ರ ಹೊ‌ತ್ತಿಗೆ ಹಕ್ಕಳೆ ಒಣಗುತ್ತ ಬಂತು. ಸಹಿದಾರರ ತಾಯಿಯವರು ಅಷ್ಟೂರಿನವರು, ಅವರ ತವರಿನಲ್ಲಿಯೂ ಈ ಪಂಕ್ತಿಯ ರೂಢಿ ಇತ್ತು. ಅವರು ಪಂಕ್ತಿಗೆ ಐದು ಮಕ್ಕಳನ್ನು ಕರೆತರುವಂತೆ ನಿರ್ದೇಶನ ನೀಡಿದರು. ಅಂಥ ಯಾವುದೇ ನಿಯಮ ಇಲ್ಲವೆಂದು ಸಹಿದಾರರು ತಿಳಿಸಿದರು. ‘ನಿನ್ನ ನಿಯಮ ಕಚೇರ್ಯಾಗ ಇಟ್ಕೊಂಡು ಬಾ. ಇದು ಮನಿ’ ಎಂದು ಪ್ರತ್ಯುತ್ತರ ಬಂತು.

ಕಾಲೋನಿಯ ಹದಿನಾರು ಮನೆಗಳ ಬಾಗಿಲು ತಟ್ಟಲಾಯಿತು. ಹಕ್ಕಳೆ ಎಲ್ಲ ಒಣಗ್ಯಾವ, ಇನ್ನು ತಗಲುವುದಿಲ್ಲ ಎಂದು ಸಹಿದಾರರು ಹೇಳಿದರು. ಹೌದ್ರಿ ಸರ್, ಖರೆ ಅದ್ರಿ ಎಂದು ಎಲ್ಲರೂ ಒಪ್ಪಿದರು. ಯಾರೂ ಮಕ್ಕಳನ್ನು ಕಳಿಸಲಿಲ್ಲ. ಒಬ್ಬರ ಮಗನಿಗೆ ಅಂದೇ ಹಲ್ಲುನೋವು ಬಂತು. ಇನ್ನೊಬ್ಬರ ಇಬ್ಬರು ಮಕ್ಕಳು ಕಿಟಕಿಯಲ್ಲಿ ನಿಂತಿರುವಂತೆಯೇ ಹುಮನಾಬಾದಕ್ಕೆ ಹೋಗಿದ್ದರು.

ಗುಳ್ಳೆ ಬಂದು ಹೋದ ಐದು ಮಕ್ಕಳು ಒಂದೇ ಕಡೆ, ಒಂದೇ ಪಟ್ಟಿಯಲ್ಲಿ, ಎಲ್ಲಿ ಸಿಗುತ್ತಾರೆಂಬುದು ಇಡೀ ಜಿಲ್ಲೆಯಲ್ಲಿ ಸಹಿದಾರರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಪಟ್ಟಿಯ ಜೆರಾಕ್ಸ್ ಪ್ರತಿಯು ಅಪರಾಧದ ಸಾಕ್ಷಿಯಾಗಿ ಕಡತದಲ್ಲಿಯೇ ಇತ್ತು. ಅವರು ಸುಮಿತ್ರಾಬಾಯಿಗೆ ಫೋನು ಮಾಡಿದರು. ಎಲ್ಲವನ್ನೂ ಕೇಳಿದ ಮೇಲೆ ಆ ಕಡೆಯಿಂದ ಇಷ್ಟೇ ಬಂತು: ‘ಕಳಿಸ್ತೇನ್ರಿ ಸರ್, ಇದಕ್ಕ ಇಲ್ಲ ಅನ್ನಬಾರ್ದು. ಆದ್ರ ಬರವಣಿಗಿಲೆ ಕೊಡ್ರಿ. ಬಾಯಿಮಾತಿಲೆ ಕಳಿಸಿ ಒಮ್ಮಿ ನೋಟಿಸ್ ತಗೊಂಡೀನಿ.’

ಸಹಿದಾರರು ಬರೆದುಕೊಟ್ಟರು.

8. ಎರವಲು ಮಕ್ಕಳ ಸಾಗಣೆ ಹಾಗೂ ಭೋಜನ ನಿಯಮಗಳು.

ಮಾರ್ಚ್ 19ರಂದು ಬೆಳಗ್ಗೆ ಚಿಂತಾಕಿಯಿಂದ ನೌಬಾದಕ್ಕೆ ಐವರು ಮಕ್ಕಳು ಶಾಕಿರಾ ಬೇಗಂ ಅವರ ಉಸ್ತುವಾರಿಯಲ್ಲಿ ಜೀಪಿನಲ್ಲಿ ಬಂದರು. ಸುಮಿತ್ರಾಬಾಯಿ ಬರಲಿಲ್ಲ, ಉಳಿದ ಇಪ್ಪತ್ತಾರು ಮಕ್ಕಳಿಗೆ ಪಾಠ ಇತ್ತು. ಸದರಿ ಪ್ರಯಾಣದ ಅನುಭವದ ಆಧಾರದಲ್ಲಿ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

(ಅ) ಜೀಪಿನ ಕಿಟಕಿಯ ಸೀಟು ಪ್ರತಿ ಐದು ಕಿಲೋಮೀಟರಿಗೊಮ್ಮೆ ಬದಲಾಗತಕ್ಕದ್ದು. ಕಿಲೋಮೀಟರನ್ನು ಮೀಟರ್ ನೋಡಿ ಹೇಳತಕ್ಕದ್ದು, ಮಕ್ಕಳ ಕೂಗಾಟದಿಂದ ಅಂದಾಜಿಸತಕ್ಕದ್ದಲ್ಲ.

(ಆ) ಒಂದು ಮಗು ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಪಂಕ್ತಿಗಳಲ್ಲಿ ಕೂಡತಕ್ಕದ್ದಲ್ಲ. ಮಗು ಒಪ್ಪಿದರೂ ಕೂಡತಕ್ಕದ್ದಲ್ಲ. ಮಗು ಒಪ್ಪಿಯೇ ಒಪ್ಪುತ್ತದೆ.

(ಇ) ಮೊಸರು ಹಿಂದಿನ ದಿನದ್ದಾಗಿರತಕ್ಕದ್ದು, ಅದರ ಹಿಂದಿನ ದಿನದ್ದಲ್ಲ. ಹುಳಿಯ ಬಗ್ಗೆ ವಿವಾದ ಉಂಟಾದಲ್ಲಿ ಮಕ್ಕಳ ಬಹುಮತದ ಮುಖಭಾವವೇ ಅಂತಿಮ.

(ಈ) ಉಪ್ಪಿನಕಾಯಿ ಕೇಳುವ ಹಕ್ಕು ಮಕ್ಕಳಿಗೆ ಇರುತ್ತದೆ. ಒಗ್ಗರಣೆ ಇಲ್ಲದ್ದು ಮಾತ್ರ.

(ಉ) ತೇಗನ್ನು ತೃಪ್ತಿಯ ಪ್ರಮಾಣಪತ್ರವಾಗಿ ಸ್ವೀಕರಿಸಲಾಗುವುದು. ತೇಗು ಬಾರದ ಮಗುವಿಗೆ ಮೇಲುಸಹಿಯಾಗಿ ಇನ್ನೊಂದು ಮಗು ತೇಗಬಹುದು.

(ಊ) ಪಂಕ್ತಿಯ ಮಕ್ಕಳು ಎಷ್ಟು ಕೊಬ್ಬಿದರು ಎಂಬ ಬಗ್ಗೆ ಮಾಸಿಕ ವರದಿ ಅವಶ್ಯವಿಲ್ಲ. ಆದರೂ ಕೇಳಲಾಗುತ್ತದೆ.

9. ಪಂಕ್ತಿಯಲ್ಲಿ ನಡೆದದ್ದು.

ಮಕ್ಕಳು ಸಾಲಾಗಿ ಕುಳಿತರು. ಎಲೆ ಹಾಕಲಾಯಿತು. ಮೊಸರನ್ನ ಬಡಿಸಲಾಯಿತು. ಹಾಸಿಗೆಯಲ್ಲಿ ವಿಜಯಶ್ರೀ ದಿಂಬಿಗೆ ಒರಗಿ, ಎಷ್ಟೋ ದಿನಗಳ ಮೇಲೆ ಮನೆಗೆ ಬಂದ ಮಕ್ಕಳನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಯಾರೂ ಎಲೆಗೆ ಕೈ ಹಾಕಲಿಲ್ಲ.

‘ಯಾಕವಾ, ಹಸಿವಿಲ್ಲೇನು?’ ಎಂದು ಸಹಿದಾರರ ತಾಯಿಯವರು ಮೊದಲ ಎಲೆಯಲ್ಲಿದ್ದ ಇರಮಳನ್ನು ಕೇಳಿದರು.

‘ಭಾಳ್ ಹಸಿವಿ ಅದ್ರಿ ಅಜ್ಜಿ. ಮೊದಲ ಸಾಹೇಬ್ರು ಹೇಳ್ಲಿ.’

‘ಏನ್ ಹೇಳಬೇಕ?’

‘ನಮ್ಮ ಟೀಚರನ್ನ ತೆಗಿತಾರಂತ. ಖರೆ ಏನ್ರಿ?’

ಸಹಿದಾರರು ಅದು ಪರಿಶೀಲನೆಯಲ್ಲಿ ಇದೆ ಎಂದು ತಿಳಿಸಿದರು.

‘ಹಂಗಂದ್ರ ಹೌದೋ, ಅಲ್ಲೋ?’

ಪರಿಶೀಲನೆ ಎಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ ಎಂದು ಸಹಿದಾರರು ವಿವರಿಸಿದರು. ಐದೂ ಮಕ್ಕಳು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಶಾಕಿರಾ ಬೇಗಂ ‘ಖಾ ಬೇಟಿ, ಖಾ’ ಎಂದು ಗದರಿದರು. ಆದರೆ ಗದರುವಾಗ ಅವರು ಇರಮಳ ಕಡೆ ನೋಡಲಿಲ್ಲ, ಸಹಿದಾರರ ಕಡೆ ನೋಡಿದರು.

‘ಅಮಿತ್ಯಾ,’ ಎಂದರು ತಾಯಿಯವರು, ‘ಅಮ್ಮ ಬಾಗಿಲದಾಗ ನಿಂತಾಳ. ನೀ ಆಕಿನ್ನೂ ಪರಿಶೀಲನಿ ಮಾಡ್ತೀಯೇನು?’

ಸಹಿದಾರರು ಬಾಗಿಲ ಕಡೆ ನೋಡಿದರು. ಮಗಳ ಕಡೆ ನೋಡಿದರು. ಹೊಲದ ದಾರಿ, ಹಾಜರಿ ಪುಸ್ತಕದ ಮೇಲೆ ಆಡಿದ ಬೆರಳು, ಗಾಜಿನ ಗುಂಡಿನ ಕೆಳಗಿನ ಕಾಗದ, ಎಲ್ಲವೂ ಅವರ ಕಣ್ಣ ಮುಂದೆ ಒಟ್ಟಿಗೆ ಬಂದವು.

‘ಇಲ್ಲ. ತೆಗಿಯೂದಿಲ್ಲ,’ ಎಂದರು.

‘ಬರದು ಕೊಡ್ರಿ.’

‘ಇದನ್ನ ಯಾರ್ ಕಲಿಸ್ಯಾರ ನಿನಗ?’

‘ಯಾರೂ ಇಲ್ರಿ. ಬಾಯಿಲೆ ಹೇಳಿದ್ರ ಜೀಪ್ ಬಂದಿದ್ದಿಲ್ಲಲ್ರಿ. ನೀವು ಬರದು ಕೊಟ್ರಿ, ಅದಕ್ಕ ಬಂತು.’

ಸಹಿದಾರರು ಜೇಬಿನಿಂದ ಪೆನ್ನು ತೆಗೆದರು. ವಿಜಯಶ್ರೀ ತನ್ನ ಗಣಿತದ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಅಪ್ಪನ ಕಡೆ ಚಾಚಿದಳು. ಅದರ ಮೇಲೆ ‘ಶ್ರೀಮತಿ ಸುಮಿತ್ರಾಬಾಯಿ ಅವರ ಸೇವೆ ತೃಪ್ತಿಕರ. ಮುಂದಿನ ವರ್ಷಕ್ಕೆ ಮುಂದುವರಿಸಲಾಗಿದೆ’ ಎಂದು ಬರೆಯಲಾಯಿತು. ಇರಮ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿಯೂ ಎಡವದೆ, ಉಳಿದ ನಾಲ್ವರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದಳು. ಹಾಗೆ ಓದುವುದನ್ನು ಆಕೆಗೆ ಕಲಿಸಿದವರು ಯಾರೆಂಬುದು ತಿಳಿದಿದ್ದುದರಿಂದ, ಸೇವೆ ತೃಪ್ತಿಕರವೆನ್ನಲು ಬೇರೆ ಸಾಕ್ಷಿಯನ್ನು ಕೇಳಲಿಲ್ಲ. ಓದಿ ಮುಗಿಸಿ ಆಕೆ ‘ಸಿಕ್ಕಾ ಎಲ್ಲಿ ಅದ್ರಿ?’ ಎಂದಳು. ಬ್ಯಾಗಿನಿಂದ ಮೊಹರು ತೆಗೆದು ಒತ್ತಲಾಯಿತು.

ಆಮೇಲೆ ಐವರೂ ಉಂಡರು. ಎರಡು ಸಲ ಬಡಿಸಿಕೊಂಡರು. ಮೂರು ತೇಗು ಸ್ವೀಕೃತವಾಗಿವೆ.

10. ಆದೇಶ.

ಉಲ್ಲೇಖ (2)ರ ನೋಟಿಸನ್ನು ಹಿಂಪಡೆಯಲಾಗಿದೆ. ‘ಬಂದು ಹೋದವರ ಪಟ್ಟಿ’ಯನ್ನು ಅಪರಾಧದ ಕಡತದಿಂದ ತೆಗೆದು ಮಾದರಿಯ ಕಡತದಲ್ಲಿ ಇಡಲಾಗಿದೆ, ಮೂರೂ ತಾಲ್ಲೂಕುಗಳಲ್ಲಿ ಹಾಗೆಯೇ ಅನುಸರಿಸತಕ್ಕದ್ದು. ಕಲಂ 9ರಲ್ಲಿ ಹೇಳಿದ ಹಾಳೆಯೇ ಮುಂದುವರಿಕೆಯ ಆದೇಶವಾಗಿರುತ್ತದೆ. ಅದರ ಮೂಲಪ್ರತಿ ಇರಮಳ ಕಂಪಾಸ್ ಡಬ್ಬಿಯಲ್ಲಿದ್ದು, ಕೇಳಿದಾಗ ‘ಜೆರಾಕ್ಸ್ ಕೊಡ್ತೇನ್ರಿ, ಅಸಲಿ ಕೊಡೂದಿಲ್ಲ’ ಎಂದು ಆಕೆ ತಿಳಿಸಿರುವುದರಿಂದ ಕಡತದಲ್ಲಿ ಜೆರಾಕ್ಸ್ ಇರಿಸಲು ಅನುಮತಿ ನೀಡಲಾಗಿದೆ. ಹಾಳೆಯ ಹಿಂಬದಿಯಲ್ಲಿರುವ ಭಾಗಾಕಾರ ತಪ್ಪಾಗಿದ್ದು, ಅದು ಆದೇಶದ ಭಾಗವಾಗಿರುವುದಿಲ್ಲ.

ಸಹಿ/-
(ಅಮಿತಕುಮಾರ)
ಸಹಿದಾರರು ಹಾಗೂ ವಿಜಯಶ್ರೀಯ ತಂದೆ
ಬೀದರ

ಪ್ರತಿಗಳು:
1. ಔರಾದ ಹಾಗೂ ಭಾಲ್ಕಿ ತಾಲ್ಲೂಕು ಕಚೇರಿಗಳಿಗೆ: ಪಾಲನೆಗಾಗಿ. ಎಣಿಕೆಗಾಗಿ ಅಲ್ಲ.
2. ಶ್ರೀ ಬಸವಣ್ಣೆಪ್ಪ, ಭಾಲ್ಕಿ: ಬೆನ್ನು ತುರಿಸುವ ಬಿದಿರಿನ ಕೈಯೊಂದಿಗೆ.
3. ಶ್ರೀ ಹಾವಗೆಪ್ಪ, ಬೋರಿಗಿಡ ವಸ್ತಿ: ಮೊಮ್ಮಗನನ್ನು ಇನ್ನು ಬಿಡಬಹುದೆಂಬ ಮಾಹಿತಿಗಾಗಿ.
4. ಹೆಸರಿಲ್ಲದ ಅರ್ಜಿದಾರರಿಗೆ: ಹೆಸರು ತಿಳಿಸಿದಲ್ಲಿ ಕಳಿಸಲಾಗುವುದು.
5. ನೌಬಾದ ಕಾಲೋನಿಯ ಹದಿನಾರು ಮನೆಗಳಿಗೆ: ಹಲ್ಲುನೋವು ಹೇಗಿದೆ ಎಂದು ತಿಳಿಸುವಂತೆ ಕೋರಿಕೆಯೊಂದಿಗೆ.
6. ಸಹಿದಾರರ ತಾಯಿಯವರಿಗೆ: ಓದಿ ಹೇಳಲಾಗಿದೆ. ‘ಇಷ್ಟು ಉದ್ದ ಯಾಕ ಬರದಿ’ ಎಂದು ಷರಾ ಬಂದಿದೆ.
7. ಶ್ರೀಮತಿ ಸುಮಿತ್ರಾಬಾಯಿ, ಶಿಕ್ಷಕಿ: ಅಂಚೆಯಲ್ಲಿ ಕಳಿಸಿರುವುದಿಲ್ಲ. ಸಹಿದಾರರು ಹೊಲದ ದಾರಿಯಲ್ಲಿ ನಡೆದು ಹೋಗಿ ಖುದ್ದಾಗಿ ಕೊಟ್ಟಿರುತ್ತಾರೆ. ಪಾಠ ನಡೆದಿದ್ದುದರಿಂದ ಮುಗಿಯುವವರೆಗೆ ಹೊರಗೆ ನಿಲ್ಲುವಂತೆ ತಿಳಿಸಲಾಗಿದ್ದು, ನಿಂತಿರುತ್ತಾರೆ.